ಸೇರುವ ಮೊದಲು ಒಮ್ಮೆ ನೋಡಿ ಬರಲು: ವಿದೇಶಿ ವಿಶ್ವವಿದ್ಯಾಲಯದ ಭೇಟಿಗೆ ಮಲೆನಾಡಿನ ಮನೆಯಿಂದ ವೀಸಾ

ಅಕ್ಕನ ಮಗನ ಮೊದಲ ವೀಸಾ ಅರ್ಜಿ ತಿರಸ್ಕಾರವಾಗಿದ್ದು ಅಡಿಕೆ ದುಡ್ಡಿನ ದೆಸೆಯಿಂದ. ಭಾವ ತೀರ್ಥಹಳ್ಳಿ ಕಡೆಯ ತೋಟದವರು. ದರ ಏರಲಿ ಎಂದು ಎರಡು ವರ್ಷದ ಅಡಿಕೆಯನ್ನು ಚೀಲ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಮಗ ವಿದೇಶದ ವಿಶ್ವವಿದ್ಯಾಲಯವೊಂದನ್ನು ನೋಡಿ, ಅಲ್ಲಿನ ಪ್ರಾಧ್ಯಾಪಕರನ್ನು ಕಂಡು ಬರುತ್ತೇನೆ ಎಂದಾಗ ಅಷ್ಟನ್ನೂ ಒಟ್ಟಿಗೆ ಮಾರಿ ಹಣ ಬ್ಯಾಂಕಿಗೆ ಹಾಕಿದರು. ಹದಿನೈದು ದಿನದಲ್ಲಿ ಅರ್ಜಿ ಹೋಯಿತು. ಖಾತೆಗೆ ಇತ್ತೀಚೆಗೆ ಬಂದ ದೊಡ್ಡ ಮೊತ್ತದ ಮೂಲ ಸ್ಪಷ್ಟವಿಲ್ಲ ಎಂಬ ಪತ್ರ ಬಂತು. ಹಣ ಬೆವರಿನದ್ದೇ. ಆದರೆ ಹಾಗೆಂದು ಹೇಳುವ ಒಂದು ಕಾಗದವೂ ಅರ್ಜಿಯೊಳಗೆ ಇರಲಿಲ್ಲ. ಅರ್ಜಿ ತುಂಬಲು ಕೂತವನು ನಾನೇ. ಅಡಿಕೆ ಬೆಳೆಗಾರನ ಖಾತೆಗೆ ವರ್ಷಕ್ಕೊಂದೆರಡು ಸಲ ದೊಡ್ಡ ದುಡ್ಡು ಬರುವುದನ್ನೂ ವಿವರಿಸಬೇಕಾದೀತು ಎಂದು ನನಗೆ ಹೊಳೆದಿರಲೇ ಇಲ್ಲ.

ಎರಡನೇ ಸಲ ಅದೇ ಹಣ, ಅದೇ ಹುಡುಗ, ಅದೇ ವಿಶ್ವವಿದ್ಯಾಲಯ. ಜೊತೆಗೆ ಎರಡು ಪುಟದ ವಿವರಣೆ ಮತ್ತು ಮಾರಾಟದ ಬಿಲ್ಲುಗಳು. ವೀಸಾ ಬಂತು. ಆದರೆ ಗೊತ್ತುಮಾಡಿದ್ದ ಭೇಟಿಯ ದಿನ ಕಳೆದುಹೋಗಿತ್ತು, ಪ್ರಾಧ್ಯಾಪಕರಿಗೆ ಮತ್ತೆ ಬರೆದು ಇನ್ನೊಂದು ದಿನ ಕೇಳಬೇಕಾಯಿತು. ಆ ಮೊದಲ ತಿರಸ್ಕಾರವನ್ನು ಅವನು ಮುಂದಿನ ಅರ್ಜಿಗಳಲ್ಲೆಲ್ಲ ಕೇಳಿದಾಗ ಬರೆಯಲೇಬೇಕು. ಸಾಗರ, ಹೊಸನಗರ, ಶಿಕಾರಿಪುರದ ಇನ್ನೊಂದು ಮನೆಗೆ ಹೀಗಾಗಬಾರದು ಎಂದು ಇಷ್ಟನ್ನೂ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಹೋಗಲೇಬೇಕೆ?

ಎಲ್ಲರೂ ಹೋಗಬೇಕಿಲ್ಲ. ಸಾಲ ಮಾಡಿ ಎಂಎಸ್ ಓದಲು ಹೊರಟವರಿಗೆ, ಬರೀ ನೋಡಿಬರುವುದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಎಂದು ನಾನು ಹೇಳಲಾರೆ. ಆ ವಿಭಾಗದಲ್ಲಿ ಓದುತ್ತಿರುವ ಇಬ್ಬರು ಕನ್ನಡದ ಮಕ್ಕಳನ್ನು ಹುಡುಕಿ ವಿಡಿಯೊ ಕರೆಯಲ್ಲಿ ಒಂದು ಗಂಟೆ ಮಾತಾಡಿದರೆ ಬೇಕಾದದ್ದು ಬಹುಪಾಲು ತಿಳಿಯುತ್ತದೆ. ಪಿಎಚ್‌ಡಿಗೆ ನಾಲ್ಕೈದು ವರ್ಷ ಒಬ್ಬರೇ ಮಾರ್ಗದರ್ಶಕರ ಕೈಕೆಳಗೆ ಕೆಲಸ ಮಾಡಬೇಕಾದವರು, ನೇರ ಸಂದರ್ಶನಕ್ಕೆ ಕರೆ ಬಂದವರು, ಪಿಯುಸಿ ಮುಗಿಸಿ ಹದಿನೆಂಟಕ್ಕೇ ಮನೆ ಬಿಡುವವರು, ಆ ದೇಶದಲ್ಲಿ ಅಣ್ಣನೋ ಚಿಕ್ಕಮ್ಮನೋ ಇದ್ದು ಉಳಿದುಕೊಳ್ಳುವ ಖರ್ಚು ಇಲ್ಲದವರು: ಇಂಥವರಿಗೆ ಭೇಟಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಸಮಯ ನೋಡಿಕೊಳ್ಳಿ. ಅಮೆರಿಕದಲ್ಲಿ ಮೇ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಹೆಚ್ಚಿನ ಕ್ಯಾಂಪಸ್‌ಗಳು ಬಿಕೋ ಎನ್ನುತ್ತವೆ. ಕಟ್ಟಡ ನೋಡಬಹುದು, ತರಗತಿ ನೋಡಲಾಗದು. ಬ್ರಿಟನ್ನಿನ ಓಪನ್ ಡೇಗಳು (ಸೇರಬಯಸುವವರಿಗೆ ವಿಶ್ವವಿದ್ಯಾಲಯ ತೋರಿಸುವ ದಿನಗಳು) ಹೆಚ್ಚಾಗಿ ಜೂನ್–ಜುಲೈನಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯುತ್ತವೆ. ಭೇಟಿಯ ದಿನದಿಂದ ಹಿಂದಕ್ಕೆ ಎಣಿಸಿ ಕನಿಷ್ಠ ನಾಲ್ಕು ತಿಂಗಳು ಮೊದಲೇ ಕೆಲಸ ಶುರುಮಾಡಿ. ಅಮೆರಿಕವಾದರೆ ವೀಸಾ ಸಂದರ್ಶನದ ದಿನ ಸಿಗುವುದಕ್ಕೇ ಇನ್ನೂ ಹೆಚ್ಚು ಕಾಯಬೇಕಾಗಬಹುದು.

ಯಾವ ದೇಶಕ್ಕೆ ಯಾವ ವೀಸಾ

ಎಲ್ಲ ಕಡೆ ನೆನಪಿಡಬೇಕಾದ್ದು ಒಂದಿದೆ. ನೋಡಲು ಹೋಗುವ ವೀಸಾದಲ್ಲಿ ಪದವಿ ಓದಲು ಕೂರುವಂತಿಲ್ಲ. ನೋಡಿ, ಮನೆಗೆ ಬಂದು, ಆಮೇಲೆ ಓದುವ ವೀಸಾಕ್ಕೆ ಬೇರೆ ಅರ್ಜಿ ಹಾಕುವುದು ಸರಿಯಾದ ದಾರಿ.

ಅಮೆರಿಕಕ್ಕೆ ಬಿ-2 ಸಂದರ್ಶಕ ವೀಸಾ. ವಿಶ್ವವಿದ್ಯಾಲಯ ಆರಿಸಲು ಹೋಗುತ್ತಿದ್ದೇನೆ ಎಂದು ಸಂದರ್ಶನದಲ್ಲಿ ಹೇಳಿದರೆ ಅಧಿಕಾರಿ ವೀಸಾದ ಮೇಲೆ ‘ಪ್ರಾಸ್ಪೆಕ್ಟಿವ್ ಸ್ಟೂಡೆಂಟ್’ ಎಂಬ ಟಿಪ್ಪಣಿ ಹಾಕಬಹುದು. ಅಂದರೆ ಈ ಉದ್ದೇಶವನ್ನು ಅವರ ವ್ಯವಸ್ಥೆಯೇ ಒಪ್ಪಿಕೊಂಡಿದೆ. ಮುಚ್ಚಿಟ್ಟು ‘ನಯಾಗರ ನೋಡಲು’ ಎಂದು ಬರೆಯಬೇಕಾದ ಅಗತ್ಯವೇ ಇಲ್ಲ. ಅಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವ ದಾರಿ ಇದ್ದರೂ, ಅದು ಮಂಜೂರಾಗುವವರೆಗೆ ತರಗತಿಗೆ ಹೋಗುವಂತಿಲ್ಲ, ಮಂಜೂರಾತಿಗೆ ತಿಂಗಳುಗಳೇ ಹಿಡಿಯಬಹುದು. ಆ ದಾರಿ ಬೇಡ ಎಂಬುದು ನನ್ನ ಸಲಹೆ. ಸೀಟು ಖಚಿತವಾಗಿ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಕೈಗೆ ಬಂದಿದ್ದರೆ ಭೇಟಿಯ ವೀಸಾದ ಗೋಜಿಗೇ ಹೋಗದೆ ನೇರವಾಗಿ ಎಫ್-1ಗೆ ಅರ್ಜಿ ಹಾಕಿ. ಅಮೆರಿಕದ ಸಂದರ್ಶಕ ವೀಸಾದ ಅರ್ಜಿ ಶುಲ್ಕ 2023ರ ಜೂನ್ 17ರಿಂದ 185 ಡಾಲರ್ ಆಯಿತು. ಯಾವ ದೇಶದ್ದಾದರೂ ಶುಲ್ಕ ಆಗಾಗ ಏರುತ್ತದೆ, ಕಟ್ಟುವ ದಿನ ಆ ಸರ್ಕಾರದ ಜಾಲತಾಣದಲ್ಲೇ ನೋಡಿ.

ಬ್ರಿಟನ್ನಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು, ವಿಶ್ವವಿದ್ಯಾಲಯದ ಸಂದರ್ಶನಕ್ಕೂ ಹಾಜರಾಗಬಹುದು. ಪ್ರಯಾಣದ ದಿನಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲಾಗದು. ಅಲ್ಲಿದ್ದುಕೊಂಡು ಸ್ಟೂಡೆಂಟ್ ವೀಸಾಕ್ಕೆ ಬದಲಾಗಲು ಅವಕಾಶವಿಲ್ಲ. ಆಸ್ಟ್ರೇಲಿಯಾವೂ 2024ರ ಜುಲೈ 1ರಿಂದ ಸಂದರ್ಶಕ ವೀಸಾದವರು ಅಲ್ಲಿಂದಲೇ ವಿದ್ಯಾರ್ಥಿ ವೀಸಾ ಕೇಳುವುದನ್ನು ನಿಲ್ಲಿಸಿದೆ. ‘ಹೇಗಾದರೂ ಒಳಗೆ ಹೋಗಿಬಿಡಿ, ಮುಂದಿನದು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರ ಮಾತಿಗೆ ಇಂದು ಈ ಎರಡೂ ದೇಶಗಳಲ್ಲಿ ಆಧಾರವಿಲ್ಲ.

ಕೆನಡಾಕ್ಕೆ ಸಂದರ್ಶಕ ವೀಸಾ ಆನ್‌ಲೈನ್ ಅರ್ಜಿ. 100 ಕೆನಡಾ ಡಾಲರ್, ಬೆರಳಚ್ಚಿಗೆ ಇನ್ನೂ 85. ಅಲ್ಲಿ ಸಾಮಾನ್ಯವಾಗಿ ಮುಖಾಮುಖಿ ಸಂದರ್ಶನ ಇಲ್ಲ, ಹಾಗಾಗಿ ನೀವು ಬರೆದು ಕೊಡುವ ವಿವರಣೆಯೇ ನಿಮ್ಮ ಪರವಾಗಿ ಮಾತಾಡಬೇಕು.

ಜರ್ಮನಿಯ ವಿಷಯದಲ್ಲಿ ನಮ್ಮ ಮಕ್ಕಳು ಹೆಚ್ಚು ಎಡವುತ್ತಾರೆ. ಒಂದು ವಾರ ನೋಡಿ ಬರುವುದಕ್ಕೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಾಕು: 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ, ಶುಲ್ಕ 2024ರ ಜೂನ್‌ನಿಂದ 90 ಯೂರೊ, ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಉಳಿದಿರುವಾಗ ಬಾಗಿಲು ಮುಚ್ಚುತ್ತದೆ. ಆದರೆ ಷೆಂಗೆನ್ ವೀಸಾದಲ್ಲಿ ಹೋದವರು ಸೀಟು ಸಿಕ್ಕಿತೆಂದು ಅಲ್ಲೇ ಉಳಿಯಲಾಗದು. ಅಲ್ಲಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದು, ಸೀಟು ಹಿಡಿದು, ಅಲ್ಲಿಯೇ ಓದಲು ಕೂರಬೇಕು ಎಂದಿದ್ದರೆ ಅದಕ್ಕೆಂದೇ ಪ್ರವೇಶಾಕಾಂಕ್ಷಿಗಳ ರಾಷ್ಟ್ರೀಯ ವೀಸಾ ಇದೆ, ಒಂಬತ್ತು ತಿಂಗಳವರೆಗೆ ಸಿಗುತ್ತದೆ. ಅದಕ್ಕೆ ಖರ್ಚಿನ ಹಣದ ಪುರಾವೆ ಬಿಗಿಯಾಗಿಯೇ ಕೇಳುತ್ತಾರೆ. ಯಾವುದು ಬೇಕು ಎಂದು ಮೊದಲೇ ತೀರ್ಮಾನಿಸಿ.

ಪಾಸ್‌ಪೋರ್ಟಿನಲ್ಲಿರುವ ಹೆಸರು

ಪಾಸ್‌ಪೋರ್ಟ್ ಇಲ್ಲದಿದ್ದರೆ ಅಲ್ಲಿಂದ ಶುರು. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಇದ್ದರೆ ಪ್ರಯಾಣದ ದಿನದಿಂದ ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿದೆಯೇ ನೋಡಿ.

ನಮ್ಮಲ್ಲಿ ಹೆಸರಿನ ತೊಡಕು ಬಹಳ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು, ಪಹಣಿಯಲ್ಲಿ ಅಪ್ಪನ ಹೆಸರು ‘ಬಿನ್’ ಸೇರಿ ಇನ್ನೊಂದು ಬಗೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಬಂದು, ಹೆಸರು ಉಪನಾಮದ ಜಾಗಕ್ಕೆ ಹೋಗುತ್ತದೆ. ಅದು ಮುಂದೆ ವಿಶ್ವವಿದ್ಯಾಲಯದ ದಾಖಲೆ, ಬ್ಯಾಂಕ್ ಖಾತೆ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ವ್ಯತ್ಯಾಸ ಸಣ್ಣದಿದ್ದರೆ ‘ಈ ಎರಡೂ ಹೆಸರು ಒಬ್ಬರದೇ’ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಕಡತದಲ್ಲಿಡಿ. ಓದಲು ಹೋಗುವುದೂ ಖಚಿತ ಎಂದಾದರೆ ಪಾಸ್‌ಪೋರ್ಟನ್ನೇ ಈಗ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ವಿಶ್ವವಿದ್ಯಾಲಯದಿಂದ ಪತ್ರ

ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ, ಅಥವಾ ನೀವು ಕಾಣಬೇಕೆಂದಿರುವ ಪ್ರಾಧ್ಯಾಪಕರಿಗೆ ಮಿಂಚಂಚೆ ಬರೆಯಿರಿ. ಪಾಸ್‌ಪೋರ್ಟಿನಲ್ಲಿರುವಂತೆಯೇ ನಿಮ್ಮ ಹೆಸರು, ಭೇಟಿಯ ದಿನಾಂಕ, ಯಾರನ್ನು ಭೇಟಿಯಾಗುತ್ತೀರಿ, ಖರ್ಚು ಯಾರದು, ಇಷ್ಟು ಇರುವ ಪತ್ರ ಕೇಳಿ. ಪತ್ರ ಕೊಡದಿದ್ದರೆ ಬೇಸರ ಬೇಡ. ಕ್ಯಾಂಪಸ್ ಪ್ರವಾಸಕ್ಕೆ ಹೆಸರು ನೋಂದಾಯಿಸಿದ ದೃಢೀಕರಣ, ಪ್ರಾಧ್ಯಾಪಕರು ‘ಮಂಗಳವಾರ ಹನ್ನೊಂದಕ್ಕೆ ಬನ್ನಿ’ ಎಂದು ಬರೆದ ಎರಡು ಸಾಲು ಕೂಡ ನಡೆಯುತ್ತದೆ.

ತೋಟದ ಲೆಕ್ಕವನ್ನು ಕಾಗದಕ್ಕೆ ಇಳಿಸುವುದು

ಸಂಬಳದ ಮನೆಯವರಿಗೆ ಇದು ಸುಲಭ: ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮದು ಹಾಗಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೋಟವೊಂದನ್ನೇ ನಂಬಿದ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಲು ಮಳೆಗಾಲ ಮುಗಿಯುತ್ತಿದ್ದಂತೆ ಶುರುವಾಗಿ ಚಳಿಗಾಲದುದ್ದಕ್ಕೂ ನಡೆಯುತ್ತದೆ. ಸುಲಿದು, ಬೇಯಿಸಿ, ಒಣಗಿಸಿ, ದರ ನೋಡಿ ಮಾರುವಾಗ ಮತ್ತೆಷ್ಟೋ ತಿಂಗಳು ಕಳೆದಿರುತ್ತದೆ. ಕೊಳೆ ರೋಗವೋ ಎಲೆಚುಕ್ಕೆಯೋ ಬಂದ ವರ್ಷ ಅರ್ಧಕ್ಕರ್ಧ ಫಸಲಿಲ್ಲ. ದೂರದ ಕಚೇರಿಯಲ್ಲಿ ಕೂತು ಕೆಲವೇ ನಿಮಿಷದಲ್ಲಿ ಕಡತ ನೋಡುವ ಅಧಿಕಾರಿಗೆ ಇದಾವುದೂ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು, ಹತ್ತು ತಿಂಗಳು ಖಾಲಿ ಇದ್ದು ಒಂದೇ ದಿನ ಲಕ್ಷಗಟ್ಟಲೆ ಬಂದ ಖಾತೆ.

ಆದ್ದರಿಂದ ಹೀಗೆ ಮಾಡಿ. ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘದಲ್ಲಿ ಅಥವಾ ಮಂಡಿಯಲ್ಲಿ ಮಾರಿದ ಬಿಲ್ಲುಗಳನ್ನು ಕಳೆದ ಎರಡು ಮೂರು ವರ್ಷದ್ದು ತೆಗೆಯಿರಿ. ಪ್ರತಿ ಬಿಲ್ಲಿನ ಮೊತ್ತವೂ ಖಾತೆಗೆ ಬಂದ ದಿನವನ್ನು ಸ್ಟೇಟ್‌ಮೆಂಟಿನಲ್ಲಿ ಹುಡುಕಿ ಗುರುತು ಹಾಕಿ, ಬಿಲ್ಲಿಗೂ ಆ ಸಾಲಿಗೂ ಒಂದೇ ಸಂಖ್ಯೆ ಕೊಡಿ. ಆರು ತಿಂಗಳ ಸ್ಟೇಟ್‌ಮೆಂಟ್ ಕೇಳಿದರೂ ನೀವು ಹನ್ನೆರಡು ತಿಂಗಳದ್ದು ಕೊಡಿ. ವರ್ಷವಿಡೀ ನೋಡಿದರೆ ಮಾತ್ರ ನಮ್ಮ ಆದಾಯದ ರೂಪ ಅರ್ಥವಾಗುವುದು. ಬಿಲ್ಲಿಲ್ಲದೆ ನಗದಿಗೆ ಮಾರಿದ ಹಣವನ್ನು ಈ ಲೆಕ್ಕಕ್ಕೆ ತರಲು ದಾರಿಯಿಲ್ಲ, ಅದನ್ನು ಬಿಟ್ಟೇ ಲೆಕ್ಕ ಹಾಕಿ. ನೆಂಟರಿಂದ ಕೈಗಡ ತಂದು ಖಾತೆ ತುಂಬಿಸುವುದನ್ನಂತೂ ಮಾಡಲೇಬೇಡಿ. ಚಿಕ್ಕಪ್ಪ ನಿಜವಾಗಿಯೂ ಖರ್ಚು ಕೊಡುವವರಾದರೆ ಅವರೇ ಒಂದು ಪತ್ರ ಬರೆದು, ತಮ್ಮ ಖಾತೆಯ ವಿವರ ಲಗತ್ತಿಸಲಿ.

ಪಹಣಿಯನ್ನು ಭೂಮಿ ಜಾಲತಾಣದಿಂದ ಡಿಜಿಟಲ್ ಸಹಿ ಇರುವ ಪ್ರತಿಯಾಗಿ ತೆಗೆಯಬಹುದು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು) ಆಗಿಲ್ಲದಿದ್ದರೆ ವಂಶವೃಕ್ಷ ಮಾಡಿಸಿ ಜೊತೆಗಿಡಿ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನಿಮಗೆ ಸಂಬಂಧ ಕಾಣಬೇಕು. ಜಂಟಿ ಖಾತೆಯಾದರೆ ನಿಮ್ಮ ಮನೆಯ ಪಾಲೆಷ್ಟೋ ಅಷ್ಟನ್ನೇ ಹೇಳಿ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮದ) ಅರ್ಜಿ ಬಾಕಿ ಇರುವ ಜಮೀನನ್ನು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವನ್ನು ಆಸ್ತಿಯೆಂದು ತೋರಿಸಬೇಡಿ. ಪಹಣಿಯಲ್ಲಿ ಬೆಳೆ ಸಾಲ ನಮೂದಾಗಿದ್ದರೆ ಹೆದರುವಂಥದ್ದಲ್ಲ, ರೈತನಿಗೆ ಸಾಲ ಇರುವುದು ಸಹಜ ಎಂದು ಒಂದು ಸಾಲಿನಲ್ಲಿ ಬರೆಯಿರಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರುವವರಿಗೆ ಒಂದು ಎಚ್ಚರಿಕೆ: ವಿದ್ಯಾರ್ಥಿವೇತನಕ್ಕೆಂದು ಕಡಿಮೆ ಆದಾಯ ಬರೆಸಿದ ಪತ್ರ ಮನೆಯಲ್ಲಿದ್ದರೆ, ಅದಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಎರಡೂ ಒಂದೇ ಕಡತದಲ್ಲಿದ್ದರೆ ಯಾವುದನ್ನು ನಂಬಬೇಕು ಎಂದು ಯಾರಾದರೂ ಕೇಳುತ್ತಾರೆ.

ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಕೆಳಗಿರಲಿ. ಎಕರೆ–ಗುಂಟೆಯನ್ನು ಹಾಗೇ ಬರೆದು, 40 ಗುಂಟೆಗೆ ಒಂದು ಎಕರೆ ಎಂದು ಅಡಿಟಿಪ್ಪಣಿ ಹಾಕಿಸಿ.

ಮರಳಿ ಬರುತ್ತೀರಿ ಎನ್ನುವುದಕ್ಕೆ ಏನಿದೆ?

ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಂ ಪ್ರಕಾರ ಪ್ರತಿ ಅರ್ಜಿದಾರನೂ ಅಲ್ಲೇ ನೆಲೆಸಲು ಬರುವವನೆಂದೇ ಭಾವಿಸಿ, ಅಲ್ಲವೆಂದು ತೋರಿಸುವ ಹೊಣೆಯನ್ನು ಅವನ ಮೇಲೆ ಹಾಕಲಾಗಿದೆ. ಬೇರೆ ದೇಶಗಳೂ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತವೆ. ಇಪ್ಪತ್ತೊಂದರ ಹುಡುಗಿಗೆ ಮದುವೆ, ಮನೆ, ಉದ್ಯೋಗ ಯಾವುದೂ ಇರುವುದಿಲ್ಲ. ಅವಳ ಬಳಿ ಇರುವುದು ತಾರೀಖುಗಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ನವುಲೆಯ ಕಾಲೇಜಿನಲ್ಲೋ ಓದುತ್ತಿದ್ದರೆ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಕೊಟ್ಟ ಪತ್ರ, ಹಿಂದಿರುಗಿದ ಮೇಲೆ ಬರೆಯಬೇಕಾದ ಪರೀಕ್ಷೆಯ ವೇಳಾಪಟ್ಟಿ, ಕಟ್ಟಿದ ಶುಲ್ಕದ ರಸೀದಿ. ಕೆಲಸದಲ್ಲಿದ್ದರೆ ಮಾಲೀಕರ ರಜೆ ಪತ್ರ. ಭೇಟಿ ಹತ್ತು ದಿನದ್ದಾದರೆ ಹತ್ತೇ ದಿನ ಕೇಳಿ.

ಇವೆಲ್ಲದರ ಮೇಲೆ ಒಂದು ವಿವರಣಾ ಪತ್ರ. ಇಂಗ್ಲಿಷಿನಲ್ಲಿ ಬರೆಯಬೇಕಾದ ಆ ಪತ್ರದ ತಿರುಳು ಹೀಗಿರಲಿ: “ನಾನು ಎಂಎಸ್‌ಸಿ ಕೊನೆಯ ವರ್ಷದಲ್ಲಿದ್ದೇನೆ. ಮುಂದಿನ ವರ್ಷ ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲು ನಿಮ್ಮ ದೇಶದ ಎರಡು ವಿಶ್ವವಿದ್ಯಾಲಯಗಳ ಪ್ರಯೋಗಾಲಯ ನೋಡಬೇಕಿದೆ. ಭೇಟಿಯ ದಿನಗಳು ಇವು, ದೃಢೀಕರಣ ಲಗತ್ತಿಸಿದೆ. ಅಪ್ಪ ಅಡಿಕೆ ಬೆಳೆಗಾರರು, ಖರ್ಚು ಅವರದು. ಅವರ ಆದಾಯ ವರ್ಷಕ್ಕೆ ಒಂದೆರಡು ಸಲ ಫಸಲು ಮಾರಿದಾಗ ಬರುತ್ತದೆ, ವಿವರ ಲಗತ್ತಿಸಿದೆ. ಇಂಥ ದಿನ ಪರೀಕ್ಷೆ ಇರುವುದರಿಂದ ಇಂಥ ದಿನ ಮರಳುತ್ತೇನೆ. ಸೀಟು ಸಿಕ್ಕರೆ ಭಾರತದಿಂದಲೇ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುತ್ತೇನೆ.” ಕೊನೆಯ ವಾಕ್ಯವನ್ನು ಬಿಡಬೇಡಿ. ‘ಇವಳಿಗೆ ಅಲ್ಲಿ ಓದುವ ಆಸೆ ಇದೆ, ಹಾಗಾದರೆ ವಾಪಸ್ ಬರುತ್ತಾಳೆಯೇ’ ಎಂಬ ಅನುಮಾನಕ್ಕೆ ಅದೇ ಉತ್ತರ.

ಅರ್ಜಿ ತುಂಬುವ ದಿನಗಳು

ಅಮೆರಿಕದ ವೀಸಾಕ್ಕೆ ಜಾಲದಲ್ಲೇ ತುಂಬುವ ಡಿಎಸ್-160 ಫಾರಂ ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಜುಲೈ ಮಳೆಯಲ್ಲಿ ಆಗುಂಬೆ, ಹೊಸನಗರದ ಕಡೆ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಕೂತು ತುಂಬುವುದು ವಾಸಿ. ಶುರುಮಾಡುತ್ತಲೇ ಅರ್ಜಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಪುಟಪುಟಕ್ಕೂ ಸೇವ್ ಮಾಡಿ. ಏಜೆಂಟರೇ ತುಂಬಿದರೂ ಸಲ್ಲಿಸುವ ಮೊದಲು ಒಂದೊಂದು ಉತ್ತರವನ್ನೂ ನೀವೇ ಓದಿ, ಏಕೆಂದರೆ ಸಹಿ ನಿಮ್ಮದು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ಅದು ಜೀವಮಾನದ ಅನರ್ಹತೆಯೇ ಆಗಬಹುದು. ಫೋಟೊ ತೆಗೆಸುವಾಗ ಸ್ಟುಡಿಯೊದವರಿಗೆ ದೇಶ ಹೇಳಿ: ಅಮೆರಿಕಕ್ಕೆ ಎರಡು ಇಂಚಿನ ಚೌಕ, ಕನ್ನಡಕ ಇಲ್ಲದೆ, ಷೆಂಗೆನ್‌ಗೆ 35 × 45 ಮಿಲಿಮೀಟರ್.

ಬ್ರಿಟನ್, ಕೆನಡಾ, ಜರ್ಮನಿಯ ಬೆರಳಚ್ಚು ಬೆಂಗಳೂರಿನ ವಿಎಫ್‌ಎಸ್ ಕೇಂದ್ರಗಳಲ್ಲಿ (ವೀಸಾ ಅರ್ಜಿ ಪಡೆಯುವ ಖಾಸಗಿ ಸಂಸ್ಥೆಯವು) ಆಗುತ್ತದೆ. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿರುತ್ತೀರಿ, ಅಂದೇ ಕೆಲಸ ಮುಗಿಸಿ ಮರಳಬಹುದು. ಆದರೂ ಹನ್ನೊಂದರ ನಂತರದ ಸಮಯವನ್ನೇ ಹಿಡಿಯಿರಿ. ಅಮೆರಿಕದ ಕಾನ್ಸುಲೇಟ್ ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ವೀಸಾ ಕೆಲಸ ಆಗ ಶುರುವಾಗಲಿಲ್ಲ. ನಮ್ಮವರು ಚೆನ್ನೈ, ಹೈದರಾಬಾದ್‌ಗೇ ಹೋಗುತ್ತ ಬಂದಿದ್ದಾರೆ. ಅಲ್ಲಿ ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ. ಎರಡನ್ನೂ ಅಕ್ಕಪಕ್ಕದ ದಿನಗಳಿಗೆ ಹಿಡಿದರೆ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ. ವೀಸಾ ಕೈಗೆ ಬರುವ ಮೊದಲು ಹಣ ವಾಪಸ್ ಬಾರದ ವಿಮಾನ ಟಿಕೆಟ್ ಕೊಳ್ಳಬೇಡಿ.

ಸಂದರ್ಶನದಲ್ಲಿ ನಿಲ್ಲುವುದು ಎರಡು ಮೂರು ನಿಮಿಷ ಅಷ್ಟೇ. ಯಾಕೆ ಹೋಗುತ್ತೀರಿ, ಯಾರು ಖರ್ಚು ಕೊಡುತ್ತಾರೆ, ಯಾವಾಗ ಬರುತ್ತೀರಿ ಎಂಬ ಮೂರಕ್ಕೆ ತಲಾ ಎರಡು ವಾಕ್ಯ. ಅಪ್ಪ ಏನು ಮಾಡುತ್ತಾರೆ ಎಂದರೆ ‘ಬಿಸಿನೆಸ್’ ಎನ್ನಬೇಡಿ. ಅಡಿಕೆ ಬೆಳೆಗಾರರು, ಇಷ್ಟು ಎಕರೆ, ವರ್ಷಕ್ಕೆ ಇಷ್ಟು ಆದಾಯ ಎಂದು ತಲೆಯೆತ್ತಿ ಹೇಳಿ. ನಮ್ಮ ಮಕ್ಕಳು ಇದನ್ನು ಹೇಳಲು ಯಾಕೆ ಹಿಂಜರಿಯುತ್ತಾರೋ ಎಂದು ನನಗೆ ನೋವಾಗುತ್ತದೆ.

ತಿರಸ್ಕಾರವಾದರೆ ಮರುದಿನವೇ ಮತ್ತೆ ಅರ್ಜಿ ಹಾಕಬೇಡಿ. ಕಾರಣ ಓದಿ, ಯಾವ ಕಾಗದ ಮಾತಾಡಲಿಲ್ಲ ಎಂದು ಹುಡುಕಿ, ಅದನ್ನು ಸರಿಪಡಿಸಿದ ಮೇಲಷ್ಟೇ ಹಾಕಿ. ಮುಂದಿನ ಅರ್ಜಿಯಲ್ಲಿ ಹಿಂದಿನ ತಿರಸ್ಕಾರ ಕೇಳಿದಾಗ ಹೌದು ಎಂದೇ ಬರೆಯಿರಿ.

ಹೊರಡುವಾಗ, ಮರಳುವಾಗ

ವಿಶ್ವವಿದ್ಯಾಲಯದ ಪತ್ರ, ಉಳಿಯುವ ವಿಳಾಸ, ಮರಳುವ ಟಿಕೆಟ್ ಕೈಚೀಲದಲ್ಲಿರಲಿ, ಇಳಿದ ಕೂಡಲೇ ಕೇಳುತ್ತಾರೆ. ಎಷ್ಟು ದಿನ ಇರಬಹುದು ಎಂಬುದನ್ನು ಅಮೆರಿಕದಲ್ಲಿ ನಿರ್ಧರಿಸುವವರು ಅಲ್ಲಿ ವಿಮಾನ ನಿಲ್ದಾಣದ ಅಧಿಕಾರಿ, ವೀಸಾದ ಮೇಲಿನ ತಾರೀಖು ಅದಲ್ಲ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಅಡಿಕೆ ಚೂರು ಇದ್ದರೆ ಘೋಷಣಾ ಪತ್ರದಲ್ಲಿ ಬರೆಯಿರಿ; ಆಸ್ಟ್ರೇಲಿಯಾದಲ್ಲಿ ಮುಚ್ಚಿಟ್ಟದ್ದು ಸಿಕ್ಕರೆ ದಂಡ, ವೀಸಾ ರದ್ದಾಗುವುದೂ ಉಂಟು.

ಬಂದ ಮೇಲೆ ಬೋರ್ಡಿಂಗ್ ಪಾಸ್‌ಗಳನ್ನು, ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿದ್ದಿದ್ದರೆ ಆ ಪುಟಗಳ ಪ್ರತಿಯನ್ನು, ಪಹಣಿಯ ಅನುವಾದವನ್ನು ಅದೇ ಕಡತದಲ್ಲಿ ಇಟ್ಟುಬಿಡಿ. ಓದುವ ವೀಸಾದ ಅರ್ಜಿಯಲ್ಲಿ ಹಿಂದಿನ ಪ್ರವಾಸದ ತಾರೀಖುಗಳನ್ನು ಕೇಳಿಯೇ ಕೇಳುತ್ತಾರೆ, ಮತ್ತು ಅಷ್ಟು ಹೊತ್ತಿಗೆ ಭಾವ ಇನ್ನೊಂದು ಫಸಲು ಮಾರಿರುತ್ತಾರೆ. ಆ ಬಿಲ್ಲಿಗೂ ಬಂದ ದಿನವೇ ಸಂಖ್ಯೆ ಹಾಕಿಡಿ.